ಎಲ್ಲ ಮರಿಗೂ ಒಂದೊಂದು ಬೊಟ್ಟು

ಹೋದ ವರ್ಷ ನಾವು ರಂಗಪಂಚಮಿಯನ್ನು ರವಿವಾರ ಆಡಿದೆವು. ಅದರ ಹಿಂದಿನ ವರ್ಷ ಪೇಟೆಯ ಪುಡಿ ಬಣ್ಣ ಆಡಿ ನನ್ನ ದೊಡ್ಡ ಮಗಳು ಶ್ರಾವಣಿಯ ಕೆನ್ನೆಯೆಲ್ಲ ಗುಳ್ಳೆ ಎದ್ದಿತ್ತು. ಹಾಗಾಗಿ ಆ ಸಲ ಬಣ್ಣ ಮನೆಯಲ್ಲೇ ಮಾಡುವುದೆಂದು ನಾನು ಹಟ ಹಿಡಿದೆ. ನಾನು ಚಿಕ್ಕೋಡಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೈ ಖಾಲಿ ಇದ್ದರೆ ನನಗೆ ಹೊತ್ತೇ ಹೋಗುವುದಿಲ್ಲ. ಹಳೆಯ ಸೀರೆಯ ಅಂಚು ಸಿಕ್ಕರೆ ತೋರಣ, ಲಗ್ನಪತ್ರಿಕೆ ಸಿಕ್ಕರೆ ಬುಟ್ಟಿ. "ನಾ ಒಂದ ಕಡೆ ಸುಮ್ಮನ ಕುಂತರ ನನಗೂ ಜಾಲರಿ ಕಟ್ಟತಿ ನೀ" ಎಂದು ನಮ್ಮನೆಯವರು ಆಡಿಕೊಳ್ಳುತ್ತಿರುತ್ತಾರೆ.

ಮುತ್ತಲ ಹೂವು ತರಿಸಿ, ನೆರಳಲ್ಲಿ ಒಣಗಿಸಿ, ದೊಡ್ಡ ಬೋಗುಣಿಯಲ್ಲಿ ಕುದಿಸಿದೆ. ಮೊದಲು ಬರೀ ಹಳದಿ ನೀರು ಬಂತು. ಚಿಟಿಕೆ ಸುಣ್ಣ ಹಾಕಿದ ಮೇಲೆ ನೋಡಬೇಕು, ಕಣ್ಣೆದುರೇ ಕೆಂಪಾಯಿತು. ಅದನ್ನೇ ಮತ್ತೆ ಕುದಿಸಿ ಗಟ್ಟಿ ಮಾಡಿ ಎರಡು ಡಬ್ಬಿ ತುಂಬಿದೆ. ಬಟ್ಟೆಯ ಚೂರಿಗೆ ಹಚ್ಚಿ, ಎರಡು ಸಲ ಸಾಬೂನು ಹಾಕಿ ತಿಕ್ಕಿದರೂ ಬಿಡಲಿಲ್ಲ. ಓಣಿಯವರಿಗೆಲ್ಲ ಆ ಚೂರು ತೋರಿಸಿ ಹೇಳಿಕೊಂಡು ತಿರುಗಿದೆ.

ಹಾರೂಗೇರಿಯ ಹತ್ತಿರ ನಮ್ಮ ಮಾವನವರ ಹೊಲವಿದೆ. ಬಣ್ಣ ಅಲ್ಲೇ ಆಡೋಣ, ಊಟವೂ ಅಲ್ಲೇ ಎಂದು ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ನಾವಿಬ್ಬರೂ ಇಬ್ಬರು ಹೆಣ್ಣುಮಕ್ಕಳೊಂದಿಗೆ ಹೊರಟೆವು. ಕಬ್ಬು ಕಡಿದ ಹೊಲಕ್ಕೆ ಗೊಬ್ಬರವಾಗಲೆಂದು ಮಾವನವರು ಅಲ್ಲಿ ಕುರಿ ಹಿಂಡು ನಿಲ್ಲಿಸಿ ತರುಬಿಸಿದ್ದರು. ಸಿದ್ದಪ್ಪ ಮತ್ತು ಅವನ ತಮ್ಮ ಮಾಳಪ್ಪ ಎಂಬ ಕುರಿಗಾರರು ವಾರದಿಂದ ಅಲ್ಲೇ ಬಿಡಾರ ಹೂಡಿದ್ದರು. ನಾವು ಹೋದಾಗ ಸಿದ್ದಪ್ಪ ಕುರಿ ಮೇಯಿಸಲು ದೂರ ಹೋಗಿದ್ದ. ಮಾಳಪ್ಪ ಊರಿಗೆ ಹೋಗಿದ್ದನಂತೆ. ಸಿದ್ದಪ್ಪನ ಹೆಂಡತಿ ಮಾಯವ್ವ ಒಬ್ಬಳೇ ಇದ್ದಳು. ಪಕ್ಕದಲ್ಲಿ ಬಲೆ ಕಟ್ಟಿ, ಅದರೊಳಗೆ ಮೂವತ್ತರಷ್ಟು ಎಳೆ ಮರಿಗಳನ್ನು ಬಿಟ್ಟಿದ್ದಳು. ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ, ನೆಲಕ್ಕೆ ತಾಗುವಂಥ ಕಿವಿ. ನನ್ನ ಮಕ್ಕಳು ಬಣ್ಣ ಮರೆತು ಬಲೆಗೇ ಅಂಟಿಕೊಂಡರು.

ನಮ್ಮ ಊಟದಲ್ಲಿ ಮಾಯವ್ವನಿಗೂ ಕೊಟ್ಟೆವು. ಉಂಡು ಕೈ ತೊಳೆದು ಆಕೆ ಕೊಡ ಎತ್ತಿಕೊಂಡಳು. "ಅಕ್ಕಾರ, ನಾ ನೀರ ತರಾಕ ಬಾವಿಗಿ ಹೊಂಟೇನಿ. ನಾಯಿ ಬರತಾವ, ಮರಿ ಕಡೆ ಒಂದೀಟ ನಿಗಾ ಇಡ್ರಿ."

"ಹೋಗಿ ಬಾ ಮಾಯವ್ವ, ನಾವ ಅದೇವಲ್ಲ" ಎಂದೆ. ನಮ್ಮನೆಯವರು ಬೇವಿನ ಮರದ ಕೆಳಗೆ ಮುಖಕ್ಕೆ ಟವೆಲು ಹಾಕಿಕೊಂಡು ಮಲಗಿಬಿಟ್ಟಿದ್ದರು.

ಆಗ ನನ್ನ ಸಣ್ಣ ಮಗಳು ಪಲ್ಲವಿ ಕೇಳಿದಳು, "ಮಮ್ಮಿ, ಇವಕ್ಕ ಬಣ್ಣ ಹಚ್ಚ್ಯಾರ, ಅವಕ್ಕ ಯಾಕ ಹಚ್ಚಿಲ್ಲ? ಪಾಪ."

ನೋಡಿದರೆ ಹೌದು. ಅರ್ಧ ಮರಿಗಳ ಬೆನ್ನ ಮೇಲೆ ಕೆಂಪು ಬೊಟ್ಟಿತ್ತು, ಉಳಿದವು ಬೋಳು. ಮಾಯವ್ವನೂ ಮರಿಗಳ ಜೊತೆ ರಂಗಪಂಚಮಿ ಆಡಿದ್ದಾಳೆ, ಬಣ್ಣ ಸಾಲದೆ ಬಿಟ್ಟಿದ್ದಾಳೆ ಎಂದುಕೊಂಡೆ. ನನ್ನ ಸ್ವಭಾವವೇ ಹಾಗೆ. ತರಗತಿಯಲ್ಲಿ ಒಂದು ಮಗುವಿಗೆ ಹುಟ್ಟುಹಬ್ಬದ ಚಾಕಲೇಟು ಸಿಗದಿದ್ದರೆ ನನಗೆ ಆ ದಿನ ಪಾಠ ಮಾಡಲು ಆಗುವುದಿಲ್ಲ. "ತಗೊಂಡ ಬರ್ರಿ ಡಬ್ಬಿ" ಎಂದೆ. ಮಕ್ಕಳಿಗೆ ಅಷ್ಟೇ ಸಾಕಾಯಿತು. ಪಲ್ಲವಿ ಹಣೆಗೆ ಹಚ್ಚಲು ಹೋದಾಗ, "ಹಣಿಗಿ ಬ್ಯಾಡ, ಕಣ್ಣಾಗ ಹೋಕ್ಕೈತಿ. ಅವಕ್ಕ ಹಚ್ಚಿದಂಗ ಬೆನ್ನಿಗೆ, ದುಂಡಗ" ಎಂದು ನಾನೇ ತಿದ್ದಿದೆ. ಒಂದೂ ಮರಿ ಬಿಡಲಿಲ್ಲ. ಬಿಸಿಲಿಗೆ ಗಳಿಗೆಯಲ್ಲಿ ಒಣಗಿತು. ಮಕ್ಕಳ ಕೈಗೆ ಬೇವಿನ ಸೊಪ್ಪು ಕೊಟ್ಟು, ಎಲ್ಲವನ್ನೂ ಸೇರಿಸಿ ಮೊಬೈಲಿನಲ್ಲಿ ಫೋಟೊ ತೆಗೆದೆ.

ಮಾಯವ್ವ ಬಂದಳು. ಕೊಡ ಇಳಿಸಿ ಬಲೆಯ ಕಡೆ ನೋಡಿ ಹಾಗೇ ನಿಂತಳು. ಚಂದ ಕಾಣುತ್ತವೆ ಅನ್ನುತ್ತಾಳೆಂದು ನಾನು ಕಾದೆ. ಆಕೆಯ ತುಟಿ ಎಣಿಸುವವರಂತೆ ಅಲುಗುತ್ತಿತ್ತು. ಆಮೇಲೆ ನೆಲದ ಮೇಲೆ ಕುಸಿದು ಕುಳಿತಳು.

"ಏನ ಮಾಡಿದ್ರಿ ಅಕ್ಕಾರ ಇದು?"

ನನಗೆ ಏನೂ ತಿಳಿಯಲಿಲ್ಲ. ಬಣ್ಣದಲ್ಲಿ ವಿಷವಿಲ್ಲ, ಬರೀ ಹೂವಿನದು ಎಂದೆ. ಸುಣ್ಣವೂ ಚಿಟಿಕೆ ಮಾತ್ರ ಎಂದೆ. ಆಕೆ ತಲೆ ಅಲ್ಲಾಡಿಸುತ್ತಲೇ ಇದ್ದಳು. ಕೊನೆಗೆ ಬಿಡಿಸಿ ಹೇಳಿದಳು. ವರ್ಷದಿಂದ ಅಣ್ಣತಮ್ಮಂದಿರಿಗೆ ಮನಸ್ತಾಪ. ಅಂದೇ ಬೇರೆಯಾಗುವವರಿದ್ದರು. ಮರಿಗಳೆಲ್ಲ ತಾಯಂದಿರ ಜೊತೆ ಇದ್ದಾಗ, ಬೆಳಿಗ್ಗೆ ಇಬ್ಬರೂ ನಿಂತು ಪಾಲು ಮಾಡಿದ್ದರು. ಕಾವಿಯ ಬೊಟ್ಟು ಇದ್ದವು ಸಿದ್ದಪ್ಪನವು, ಇಲ್ಲದವು ಮಾಳಪ್ಪನವು. ಮಾಳಪ್ಪ ಟೆಂಪೊ ತರಲು ಊರಿಗೆ ಹೋಗಿದ್ದ. ತನ್ನ ಮರಿಗಳನ್ನು ಅದರಲ್ಲಿ ಅಥಣಿ ಕಡೆಗೆ ಮೊದಲೇ ಕಳಿಸಿ, ಕುರಿಗಳನ್ನು ಹಿಂದಿನಿಂದ ನಡೆಸಿಕೊಂಡು ಹೋಗುವವನಿದ್ದ.

"ಈಗ ನೋಡಿದರ ಎಲ್ಲಾ ನಮ್ಮವ ಆದವು" ಎಂದಳು ಮಾಯವ್ವ. "ಮೊದಲ ಅಂವಗ ನನ್ನ ಮ್ಯಾಲ ಸಂಶಾ. ಇನ್ನ ಸಾಯೂತನಕ ಕಳ್ಳಿ ಅಂತಾನ."

ಒಂದು ಮರಿಯನ್ನು ಹಿಡಿದು ನೀರು ಹಾಕಿ ತಿಕ್ಕಿದೆ. ಅದು ಅರಚಿತು, ಬೊಟ್ಟು ಮಾತ್ರ ಹಾಗೇ ಇತ್ತು. ಓಣಿಯಲ್ಲಿ ತಿರುಗಿಸಿದ ಬಟ್ಟೆಯ ಚೂರು ನೆನಪಾಗಿ ಅಳು ಬಂತು. ಶ್ರಾವಣಿ, "ಮಮ್ಮಿ, ಫೋಟೊ ನೋಡೋಣ" ಎಂದಳು. ಎಲ್ಲವೂ ಬಣ್ಣ ಹಚ್ಚಿದ ಮೇಲಿನ ಫೋಟೊಗಳೇ. ಎದ್ದು ಬಂದ ನಮ್ಮನೆಯವರು ಇದು ಕಾವಿ, ಇದು ಮುತ್ತಲ ಎಂದು ಗುರುತಿಸಲು ಹೋಗಿ, ಒಂದೇ ಮರಿಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸೇರಿಸಿದರು. ನಾನು ಒಂದು ಹೇಳಿದರೆ ಅವರೊಂದು, ಮಕ್ಕಳೊಂದು.

ಅಷ್ಟರಲ್ಲಿ ಟೆಂಪೊ ಬಂತು. ಮಾಳಪ್ಪ ಇಳಿದು ಬಲೆಯ ಹತ್ತಿರ ಬಂದು ನೋಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಎಲ್ಲಾ ನಿಮ್ಮವ ಆದವೇನ ವೈನಿ?" ಎಂದು ಅತ್ತಿಗೆಯನ್ನು ಕೇಳಿದ.

"ಅವರದೇನೂ ತಪ್ಪಿಲ್ಲರಿ. ಬಣ್ಣ ನಾವು ಹಚ್ಚಿದ್ದು" ಎಂದು ನಾನು ಮುಂದೆ ಹೋದೆ.

"ಸಾಲಿ ಕಲಸೋರು ಕುರಿಗಿ ಬಣ್ಣ ಹಚ್ಚತಾರೇನ್ರಿ? ಯಾರ ಹೇಳಿ ಕೊಟ್ರು ನಿಮಗ?" ಎಂದ. ನನ್ನ ಎರಡೂ ಅಂಗೈ ತೋರಿಸಿದೆ. ಮಕ್ಕಳ ಕೈಯನ್ನೂ ಹಿಡಿದು ತೋರಿಸಿದೆ. ಮೊಣಕೈವರೆಗೆ ಕೆಂಪು. ಅವನು ನನ್ನ ಕೈ ನೋಡಿದ, ಮಾಯವ್ವನ ಕೈ ನೋಡಿದ. ಆಕೆಯ ಉಗುರಲ್ಲೂ ಬೆಳಗಿನ ಕಾವಿ ಇತ್ತು. ನಂಬಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಟೆಂಪೊದವನಿಗೆ, "ಥಾಂಬರೋ, ಒಂದೀಟ ತಡಿ, ಕುರಿ ಬರಲಿ" ಎಂದು ಹೇಳಿ ದೂರ ಹೋಗಿ ಕುಳಿತ.

ಕುರಿ ಬಂದರೆ ಏನಾಗುತ್ತದೆ? ಇನ್ನಷ್ಟು ಗೊಂದಲವಾಗುತ್ತದೆ ಎಂದೇ ನನ್ನ ಎಣಿಕೆ. ಹೊತ್ತು ಇಳಿಯುವಾಗ ಸಿದ್ದಪ್ಪ ಹಿಂಡಿನೊಂದಿಗೆ ಬಂದ. ವಿಷಯ ಕೇಳಿ ನನ್ನ ಕಡೆ ಒಮ್ಮೆ ನೋಡಿದ. ಅಣ್ಣತಮ್ಮಂದಿರು ಎರಡು ಕಡೆಯಿಂದ ಬಲೆ ಎತ್ತಿದರು. ಮೂವತ್ತು ಮರಿಗಳೂ ಒಮ್ಮೆಲೇ ಹಿಂಡಿನೊಳಗೆ ನುಗ್ಗಿದವು. ಧೂಳು, ಬ್ಯಾ ಬ್ಯಾ ಎಂಬ ಗದ್ದಲ, ಯಾವುದು ಎತ್ತ ಓಡಿತೋ ಕಾಣಲಿಲ್ಲ. ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಸ್ವಲ್ಪ ಹೊತ್ತಿಗೆ ಗದ್ದಲ ನಿಂತುಹೋಯಿತು. ಕಣ್ಣು ಬಿಟ್ಟರೆ ಒಂದೊಂದು ಕುರಿಯ ಕೆಳಗೂ ಒಂದೊಂದು ಮರಿ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು. ತಪ್ಪಿ ಬಂದ ಮರಿಯನ್ನು ಕುರಿ ಮೂಸಿ ನೋಡಿ ಒದ್ದು ಕಳಿಸುತ್ತಿತ್ತು. "ಬಣ್ಣ ನಮಗ ಬೇಕರಿ ಅಕ್ಕಾರ, ಅವಕ್ಕೇನ ಬೇಕು" ಎಂದ ಸಿದ್ದಪ್ಪ. ಕುರಿಗಳ ಕಿವಿಯ ಗುರುತು ನೋಡಿ, ತಾಯಿ ಯಾರದೋ ಮರಿ ಅವರದೆಂದು ಇಬ್ಬರೂ ಬೇರೆ ಮಾಡಿದರು. ಬೆಳಗಿನ ಪಾಲಿಗೂ ಇದಕ್ಕೂ ತಾಳೆಯಾಯಿತು.

ಒಂದು ಮರಿ ಮಾತ್ರ ಯಾವ ಕುರಿಯ ಹತ್ತಿರವೂ ಹೋಗದೆ ಮಾಯವ್ವನ ಸೀರೆಯ ನಿರಿಗೆ ಬಾಯಿ ಹಾಕುತ್ತ ನಿಂತಿತ್ತು. ಅದರ ತಾಯಿ ಮಾಳಪ್ಪನ ಕುರಿಯಂತೆ, ಮರಿ ಹಾಕಿ ಸತ್ತಿತ್ತು. ಮಾಯವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದ್ದಳು. ಆಕೆ ಅದನ್ನು ಎತ್ತಿ, ಮುಖ ಆಚೆ ತಿರುಗಿಸಿಕೊಂಡು ಮಾಳಪ್ಪನ ಮುಂದೆ ಹಿಡಿದಳು. "ತಗೋ, ಇದೂ ನಿಂದ."

ಮಾಳಪ್ಪ ಅದರ ಬೆನ್ನಿನ ಬೊಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ.

"ಬಣ್ಣ ಇದ್ದದ್ದು ನಿಮ್ಮವು ಅಂತ ಮುಂಜಾನಿ ಮಾತಾಗೈತಿ ವೈನಿ. ಇದಕ್ಕ ಬಣ್ಣ ಐತಿ. ಇಟಗೋ."

ಅಷ್ಟು ಹೇಳಿ ತನ್ನ ಮರಿಗಳನ್ನು ಟೆಂಪೊಗೆ ಹತ್ತಿಸತೊಡಗಿದ. ಮಾಯವ್ವ ಮರಿಯನ್ನು ಅವುಚಿಕೊಂಡು ಅಳುತ್ತಿದ್ದಳು. ಅದು ದುಃಖವೋ ಸಂತೋಷವೋ, ಅಣ್ಣತಮ್ಮಂದಿರು ಬೇರೆಯಾದರೋ ಒಂದಾದರೋ, ನನಗೆ ಒಂದೂ ಅರ್ಥವಾಗಲಿಲ್ಲ. ಮಾಡಿದ್ದು ತಪ್ಪು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಆ ಒಂದು ಬೊಟ್ಟಿನ ಬಗ್ಗೆ ನಾಚಿಕೆಪಡಲು ಇವತ್ತಿಗೂ ಮನಸ್ಸು ಬರುವುದಿಲ್ಲ.

ಈ ವರ್ಷವೂ ಮುತ್ತಲ ಹೂವು ಕುದಿಸಿದೆ. ಈಗ ಯಾರಿಗೆ ಹಚ್ಚುವುದಿದ್ದರೂ ಮೊದಲು ಕೇಳುತ್ತೇನೆ. ಆ ಫೋಟೊ ಮೊಬೈಲಿನಲ್ಲಿದೆ, ಆಗಾಗ ತೆಗೆದು ನೋಡುತ್ತೇನೆ. ಮೂವತ್ತು ಮರಿಗಳ ಬೆನ್ನಿಗೂ ಒಂದೇ ಬೊಟ್ಟು, ಯಾವುದು ಯಾರದೆಂದು ಈಗಲೂ ಹೇಳಲಾರೆ. ಒಂದನ್ನು ಮಾತ್ರ ಗುರುತಿಸಬಲ್ಲೆ. ಉಳಿದವೆಲ್ಲ ಮಕ್ಕಳ ಕೈಯಲ್ಲಿದ್ದ ಬೇವಿನ ಸೊಪ್ಪಿನ ಕಡೆ ನೋಡುತ್ತಿವೆ, ಅದು ಮಾತ್ರ ಮಾಯವ್ವ ನೀರಿಗೆ ಹೋದ ದಾರಿಯ ಕಡೆ ಮುಖ ಮಾಡಿ ನಿಂತಿದೆ.