ಹುಬ್ಬಿನ ಮೇಲಿನ ಗಾಯ

ಹೆಗ್ಗಣ ಹೆತ್ತವರಿಗೆ ಮಾತ್ರ ಮುದ್ದು, ಸ್ಟುಡಿಯೋದವರು ಅದರ ಫೋಟೋ ತೆಗೆದರೆ ಬೀದಿಗೇ ಮುದ್ದು ಎಂದು ಅಕ್ಕಪಕ್ಕದ ಅಂಗಡಿಯವರು ತಮಾಷೆ ಮಾಡುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿ ಬೆಳಕನ್ನು ಮೆತ್ತಗೆ ಮಾಡುವುದು, ಗದ್ದ ಒಂಚೂರು ಇಳಿಸುವುದು, ಹೆಗಲು ಓರೆ ಮಾಡಿಸುವುದು, ಎಲ್ಲ ಆ ಸ್ಟುಡಿಯೋ ಯಜಮಾನರಿಗೆ ನೀರು ಕುಡಿದಷ್ಟು ಸಲೀಸು. ಆಮೇಲೆ ಕಂಪ್ಯೂಟರ್ ಮುಂದೆ ಕೂತರೆ ಮೊಡವೆ, ಮಚ್ಚೆ, ಸುಕ್ಕು ಯಾವುದಕ್ಕೂ ಉಳಿಗಾಲವಿಲ್ಲ. ತಿದ್ದಿದ ಮೇಲೆ ಮೂಲ ಚಿತ್ರವನ್ನು ಅಳಿಸಿಬಿಡುವುದು ಅವರ ಪದ್ಧತಿ. ಕಳೆ ಕಿತ್ತವನು ಅದನ್ನು ಮನೆಯೊಳಗೆ ತಂದಿಟ್ಟುಕೊಳ್ಳುತ್ತಾನೆಯೇ ಎಂಬುದು ಅವರ ವಾದ.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ಸುಮ್ಮನೆ ಕೂತಿದ್ದಾಗ ಇದ್ದಕ್ಕಿದ್ದಂತೆ ದಿಗಿಲಾಯಿತು. ಅವಳ ಹುಬ್ಬಿನ ಮೇಲೆ ಚಿಕ್ಕಂದಿನ ಗಾಯದ ಗುರುತೊಂದಿತ್ತು. ಎಡಕ್ಕೋ, ಬಲಕ್ಕೋ? ನೆನಪಾಗಲಿಲ್ಲ. ಇಷ್ಟು ವರ್ಷ ಎದುರು ಕೂತು ಉಂಡ ಮುಖ! ಕಂಪ್ಯೂಟರಿನಲ್ಲಿದ್ದ ಅವಳ ಫೋಟೋಗಳನ್ನೆಲ್ಲ ತೆರೆದರು. ಒಂದರಲ್ಲೂ ಗಾಯವಿಲ್ಲ. ಎಲ್ಲದರಲ್ಲೂ ಅವರದೇ ಕೈಚಳಕ. ಹೀಗೇ ಬಿಟ್ಟರೆ ಅವಳ ಮುಖವೇ ತನ್ನಿಂದ ಕೈಜಾರಿ ಹೋಗುತ್ತದೆ ಎನಿಸಿ, ಅಂಗಡಿಗೆ ಬೀಗ ಜಡಿದು ನಾದಿನಿಯ ಮನೆಗೆ ಹೊರಟರು.

"ನಿಮ್ಮಕ್ಕನ ಫೋಟೋ ಏನಾದ್ರೂ ಇದ್ಯೇನಮ್ಮ?"

"ನಿಮ್ಮ ಹತ್ರ ಇಲ್ದೇ ಇರೋದು ನನ್ನ ಹತ್ರ ಎಲ್ಲಿಂದ ಬರ್ಬೇಕು ಭಾವ? ಮೊಬೈಲಲ್ಲಿ ಒಂದಿದೆ. ನೋಡಿ ಬೈಬೇಡಿ ಅಷ್ಟೆ."

ಬೈಯುವಂಥದ್ದೇ. ತೆಗೆಯುವಾಗ ಕೈ ಅಲುಗಿತ್ತು. ಅಡುಗೆಮನೆಯ ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಹೊಡೆದಿತ್ತು, ನೆತ್ತಿ ಕತ್ತರಿಸಿಹೋಗಿತ್ತು. ಆದರೆ ಎಡ ಹುಬ್ಬಿನ ಮೇಲೆ ಗಾಯ ಎದ್ದು ಕಾಣುತ್ತಿತ್ತು. ಹುಡುಕಿ ಬಂದದ್ದು ಸಿಕ್ಕಿತ್ತು, ನಿಜ. ಅದರ ಕೆಳಗೆ ಅವಳು ಬಾಯಿತುಂಬ ನಗುತ್ತಿದ್ದಳು. ಆ ನಗು ಅವರ ಕ್ಯಾಮೆರಾಕ್ಕೆ ಒಮ್ಮೆಯೂ ಬಿದ್ದಿರಲಿಲ್ಲ.

"ನನ್ನ ಮುಂದೆ ಕೂತ್ರೆ ತುಟಿನೇ ಬಿಚ್ತಿರ್ಲಿಲ್ವಲ್ಲಮ್ಮ ಇವಳು."

ನಾದಿನಿ ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿದಳು. "ಬೇಜಾರ್ ಮಾಡ್ಕೋಬೇಡಿ ಭಾವ. ನೀವು ತೆಗೆದ ಫೋಟೋ ತೋರಿಸಿ ಅಕ್ಕ ಪ್ರತಿ ಸಲ ಒಂದೇ ಮಾತು ಹೇಳೋಳು. 'ನಮ್ಮನೆಯವ್ರಿಗೆ ಈ ಫೋಟೋದಲ್ಲಿರೋಳನ್ನ ಮದುವೆ ಆಗೋ ಆಸೆ ಇತ್ತು ಅನ್ಸುತ್ತೆ ಕಣೆ, ಪಾಪ, ನಾನು ಗಂಟುಬಿದ್ದೆ' ಅಂತ."

ಹೇಳಿ ಅವಳು ನಕ್ಕಳು. ಅವರೂ ನಗಲು ನೋಡಿದರು, ಆಗಲಿಲ್ಲ. ಇಲ್ಲ ಕಣೇ, ನನಗೆ ನೀನೇ ಬೇಕಾಗಿತ್ತು ಎಂಬ ಮಾತು ಬಾಯಿಗೆ ಬಂದಿತ್ತು. ಕೇಳಿಸಿಕೊಳ್ಳಬೇಕಾದವಳು ಇರಲಿಲ್ಲ.