ಇಲಿ ಡಾಕ್ಟರ ಸ್ವಂತ ಗಾಡಿ

ನನ್ನ ಅಕ್ಕನ ಗಂಡನನ್ನು ಊರೆಲ್ಲ ಇಲಿ ಡಾಕ್ಟರು ಎಂದು ಕರೆಯುತ್ತದೆ. ನಾನು ಭಾವ ಎನ್ನುತ್ತಿದ್ದೆ. ನಡುವೆ ಒಂದು ವರ್ಷಕ್ಕೂ ಮೇಲೆ ಏನೂ ಅನ್ನಲಿಲ್ಲ. ಕಾರುಗಳೊಳಗೆ ಸೇರಿಕೊಂಡ ಇಲಿ, ಇರುವೆ, ಜಿರಳೆ, ತಿಗಣೆ, ಕಣಜಗಳನ್ನು ಪತ್ತೆ ಹಚ್ಚಿ ಹೊರಗೆ ಹಾಕುವುದು ಅವರ ಕೆಲಸ. ಅಕ್ಕನಿಗೆ ಇವರೊಂದಿಗೆ ಮದುವೆ ಗೊತ್ತಾದಾಗ, ಇದೂ ಒಂದು ಉದ್ಯೋಗವೇ ಎಂದು ನಮ್ಮ ಮನೆಯಲ್ಲಿ ಮೊದಲು ಮೂಗು ಮುರಿದವನು ನಾನೇ. ನಾನು ದರ್ಜಿ. ಬಟ್ಟೆ ಹೊಲಿಯುವವನಿಗೆ ಬಟ್ಟೆ ಕಡಿಯುವ ಪ್ರಾಣಿಯ ಸಹವಾಸದವರು ಯಾಕೆ ಹಿಡಿಸುತ್ತಾರೆ ಹೇಳಿ.

ಅವರ ಶೆಡ್ಡು ಟೈರ್ ಅಂಗಡಿಯ ಹಿಂದಿನ ಗಲ್ಲಿಯಲ್ಲಿದೆ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಎರಡು ಗಾಡಿ ನಿಲ್ಲುವಷ್ಟು ಜಾಗ. ಒಂದು ಗೋಡೆಯುದ್ದಕ್ಕೂ ಹಲಗೆ ಹೊಡೆದು ಗಾಜಿನ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಳಗಿರುವುದು ಗಾಡಿಗಳಲ್ಲಿ ಸಿಕ್ಕ ಗೂಡುಗಳು. ಒಂದರಲ್ಲಿ ಮಗುವಿನ ಕಾಲುಚೀಲ, ಒಂದರಲ್ಲಿ ಚೂರು ಚೂರಾದ ಮದುವೆ ಫೋಟೊ, ಮತ್ತೊಂದರಲ್ಲಿ ಯಾರದೋ ಪರೀಕ್ಷೆಯ ಪ್ರವೇಶಪತ್ರದ ಅರ್ಧ. ಬಾಟಲಿಗಳ ಮೇಲೆ ಚೀಟಿ ಇಲ್ಲ. ಯಾವ ಗೂಡು ಯಾವ ಗಾಡಿಯದು ಎಂದು ಕೇಳಿದರೆ ಭಾವ ತಡವರಿಸದೆ ಹೇಳುತ್ತಾರೆ, ನಮ್ಮ ಹುಟ್ಟಿದ ದಿನ ಮಾತ್ರ ಅವರಿಗೆ ಎಂದೂ ನೆನಪಿರುವುದಿಲ್ಲ.

ಗಾಡಿ ಬಂದ ಕೂಡಲೇ ಅವರು ಬಾನೆಟ್ ಎತ್ತುವುದಿಲ್ಲ. ಕಿಟಕಿಗಳನ್ನೆಲ್ಲ ಏರಿಸಿ, ಇಂಜಿನ್ ಆರಿಸಿ, ಹಿಂದಿನ ಸೀಟಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂರುತ್ತಾರೆ. ಹೊರಗೆ ಗಿರಾಕಿ ಗಡಿಯಾರ ನೋಡಿಕೊಳ್ಳುತ್ತ, ಈ ಮನುಷ್ಯ ಒಳಗೆ ನಿದ್ದೆ ಹೊಡೆಯುತ್ತಿದ್ದಾನೋ ಏನೋ ಎಂದು ಅನುಮಾನ ಪಡುತ್ತಿರುತ್ತಾನೆ. ಭಾವ ಇಳಿದು ಬಂದು ಹೇಳುವುದು ಒಂದೇ ಮಾತು. "ಇರುವೆ. ಸ್ಟೆಪ್ನಿ ಹತ್ರ ಏನೋ ಸಿಹಿ ಚೆಲ್ಲಿದೆ ನೋಡಿ." ಟೀ ಪುಡಿಯಂಥ ಹಿಕ್ಕೆ ಕಂಡರೆ ಜಿರಳೆ. ಸೀಟಿನ ಹೊಲಿಗೆಯುದ್ದಕ್ಕೂ ಪೆನ್ನಿನ ಮಸಿ ತಾಗಿದಂತೆ ಚುಕ್ಕಿ ಕಂಡರೆ ತಿಗಣೆ. ಒಮ್ಮೆ ಕೋಟು ತೊಟ್ಟ ದೊಡ್ಡ ಮನುಷ್ಯರೊಬ್ಬರು, ಡ್ರೈವರನಿಂದಲೇ ಗಾಡಿಗೆ ತಿಗಣೆ ಬಂತು ಎಂದು ಅವನೆದುರೇ ಕೂಗಾಡಿದ್ದರು. ಭಾವ ಚುಕ್ಕಿಗಳನ್ನು ನೋಡಿ, "ಡ್ರೈವರ್ ಸೀಟು ಚೆನ್ನಾಗಿದೆ ಸರ್. ಹಿಂದಿನ ಸೀಟಲ್ಲೇ ಇರೋದು. ಮನೇಲಿ ಹಾಸಿಗೆ ಬಿಸಿಲಿಗೆ ಹಾಕ್ಸಿ" ಎಂದರಂತೆ. ಆ ಡ್ರೈವರ್ ಇವತ್ತಿಗೂ ದಾರಿಯಲ್ಲಿ ಕಂಡರೆ ಹಾರ್ನ್ ಹೊಡೆದು ಕೈ ಎತ್ತುತ್ತಾನೆ.

ಅವರು ಯಾರ ಗಾಡಿಗೂ ವಿಷ ಇಟ್ಟವರಲ್ಲ. ವಿಷ ತಿಂದ ಇಲಿ ಕೈಗೆಟುಕದ ಜಾಗ ಹುಡುಕಿಕೊಂಡು ಹೋಗಿ ಸಾಯುತ್ತದೆ, ಆಮೇಲೆ ಗಾಡಿ ಮಾರುವವರೆಗೂ ನಾರುತ್ತದೆ. ಹಾಗಾಗಿ ಬೋನು. ಇಲಿ ಬೋನಿಗೆ ಬಿದ್ದರೂ ಅವರಿಗೆ ಸಮಾಧಾನವಿಲ್ಲ; ಗೂಡು ಸಿಗಬೇಕು. ಗೂಡು ಉಳಿದರೆ ಅದರ ವಾಸನೆ ಹಿಡಿದು ಇನ್ನೊಂದು ಇಲಿ ಬಂದೇ ಬರುತ್ತದೆ ಎನ್ನುತ್ತಾರೆ. ಗಾಡಿಯಲ್ಲಿ ಒಂದು ಬಿಸ್ಕತ್ತಿನ ಚೂರು ಕಂಡರೂ ಗಿರಾಕಿಗೆ ಪಾಠ ಗ್ಯಾರಂಟಿ. ವಯಸ್ಸಾದ ಹೆಂಗಸರನ್ನೂ ಬಿಟ್ಟವರಲ್ಲ.

ಅಂಥವರ ಸ್ವಂತ ಗಾಡಿಯ ಹಿಂದಿನ ಸೀಟಿನಲ್ಲಿ ಅಕ್ಕ ರಸ್ಕು ತಿನ್ನುತ್ತಿದ್ದಳು.

ಅವಳಿಗೆ ಕಾಯಿಲೆ ಬಂದಿತ್ತು. ಪ್ರತಿ ಮಂಗಳವಾರ ದೊಡ್ಡ ಆಸ್ಪತ್ರೆಗೆ ಹೋಗಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಅರ್ಧ ದಿನ ಮಲಗಿ ಬರಬೇಕು. ದಾರಿ ಒಂದೂವರೆ ಗಂಟೆಯದು. ಆ ಔಷಧಿಗೆ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ, ಒಣ ರಸ್ಕೊಂದು ಬಿಟ್ಟು. ಅದನ್ನೂ ಹಕ್ಕಿ ಕುಟುಕಿದಂತೆ ಚೂರು ಚೂರೇ ಕಡಿದು ದಾರಿಯುದ್ದಕ್ಕೂ ತಿನ್ನುತ್ತಿದ್ದಳು. ಪುಡಿ ಸೀಟಿನ ಮೇಲೆ, ಸೀಟಿನ ಸಂದಿಯಲ್ಲಿ, ಕಾಲಡಿಯಲ್ಲಿ. ಭಾವ ಕನ್ನಡಿಯಲ್ಲಿ ನೋಡುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಸಂಜೆ ಗಾಡಿಯನ್ನು ಶೆಡ್ಡಿಗೆ ತಂದು, ಗಿರಾಕಿಗಳ ಇಲಿ ಹೊಕ್ಕ ಗಾಡಿಗಳ ಪಕ್ಕದಲ್ಲೇ ನಿಲ್ಲಿಸಿ, ಅವಳಿಗೆ ಗಂಜಿ ಕಾಯಿಸಲು ಮನೆಗೆ ಓಡುತ್ತಿದ್ದರು.

ಇನ್ನು ಶಾಲಿನ ವಿಚಾರ. ಅದು ನಮ್ಮ ಅಮ್ಮನದು. ಕಡುನೀಲಿ ಉಣ್ಣೆ, ಒಳ್ಳೆಯ ತೂಕ. ಅಮ್ಮ ಹೋದ ಮೇಲೆ ಅಕ್ಕನ ಪಾಲಿಗೆ ಬಂತು. ಅಂಚು ಬಿಚ್ಚಿಕೊಳ್ಳುತ್ತಿದೆ ಎಂದು ತಂದುಕೊಟ್ಟಾಗ ನಾನು ಸುತ್ತಲೂ ಹಳದಿ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದೆ. ನೀಲಿಗೆ ಹಳದಿ ಯಾಕೆ ಎಂದರೆ ಅಂಗಡಿಯಲ್ಲಿ ಆವತ್ತು ಉಳಿದಿದ್ದ ಗಟ್ಟಿ ಬಟ್ಟೆ ಅದೊಂದೇ. ಮೂಲೆ ಬಂದಲ್ಲೆಲ್ಲ ಮೂರು ಅಡ್ಡ ಹೊಲಿಗೆ ಹಾಕುವುದು ನನ್ನ ಅಭ್ಯಾಸ. ನನಗೆ ಕಲಿಸಿದ ಮೇಸ್ತ್ರಿ ಎರಡೇ ಹಾಕುತ್ತಿದ್ದ. ಆಸ್ಪತ್ರೆಯ ದಾರಿಯಲ್ಲಿ ಅಕ್ಕ ಆ ಶಾಲನ್ನೇ ಹೊದೆಯುತ್ತಿದ್ದಳು.

ಒಂದು ಮಂಗಳವಾರ ವಾಪಸು ಬರುವಾಗ ಅವಳಿಗೆ ತೀರಾ ಸುಸ್ತಾಗಿ ನಮ್ಮ ಮನೆಯಲ್ಲಿ ಎರಡು ಗಂಟೆ ಮಲಗಿದಳು. ಮುಂದಿನ ಮಂಗಳವಾರ ಶಾಲು ಇಲ್ಲ. ಅಕ್ಕ ಫೋನ್ ಮಾಡಿ, ನಿಮ್ಮ ಮನೆಯಲ್ಲೇ ಬಿಟ್ಟಿದ್ದೇನೆ ಎಂದಳು. ನನ್ನ ಹೆಂಡತಿ ಬೀರು, ಮಂಚದ ಕೆಳಗೆ, ಮೈಲಿಗೆ ಬಟ್ಟೆಯ ಬುಟ್ಟಿ, ಎಲ್ಲ ತಲೆಕೆಳಗು ಮಾಡಿದಳು. ಸಿಗಲಿಲ್ಲ. ಆಗ ಅಕ್ಕ ಫೋನಿನಲ್ಲಿ, "ಸರಿಯಾಗಿ ಹುಡುಕಿದ್ರೆ ಸಿಗುತ್ತೆ ಅಂತ ಹೇಳು ಅವಳಿಗೆ. ಕನ್ನಡಿ ಮುಂದೆ ಅದನ್ನ ಹೊದ್ದು ನೋಡ್ತಿದ್ಲು, ನಾನು ಮಲ್ಕೊಂಡಿದ್ದೆ, ಕಣ್ಣು ಮುಚ್ಚಿರ್ಲಿಲ್ಲ" ಎಂದಳು.

ಹೊದ್ದು ನೋಡಿದ್ದು ನಿಜ. ಹೊದ್ದು, ಮಡಿಸಿ, ಅಕ್ಕನ ಕಾಲ ಬಳಿ ಇಟ್ಟಿದ್ದಳು. ಆದರೆ ಹೆಂಡತಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಅವಳ ಮುಖ ನೋಡಿ ನನಗೆ ಪಿತ್ತ ನೆತ್ತಿಗೇರಿತು. ನನ್ನ ಕೋಪ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುವುದು. "ಶಾಲು ಸಿಕ್ಕಿದ ದಿನ ಫೋನ್ ಮಾಡು. ಅಲ್ಲೀವರೆಗೂ ನಿನಗೆ ತಮ್ಮ ಇಲ್ಲ ಅಂದ್ಕೋ" ಎಂದುಬಿಟ್ಟೆ. ಕಾಯಿಲೆಯವಳೊಂದಿಗೆ ಆಡುವ ಮಾತಲ್ಲ ಅದು. ಫೋನ್ ಇಟ್ಟ ಮರುಕ್ಷಣವೇ ನನಗದು ಗೊತ್ತಿತ್ತು, ಆದರೂ ತಿರುಗಿ ಮಾಡಲಿಲ್ಲ. ಇವತ್ತು ಅವಳೇ ಮಾಡಲಿ, ನಾಳೆ ಅವಳೇ ಮಾಡಲಿ ಎನ್ನುತ್ತ ಮೂರು ತಿಂಗಳು ಕಳೆದವು. ಕೊನೆಗೆ ಫೋನ್ ಬಂತು, ಮಾತಾಡಿದ್ದು ಭಾವ. ಅಕ್ಕ ಬೆಳಿಗ್ಗೆ ಹೋಗಿಬಿಟ್ಟಿದ್ದಳು. ನಾವಿಬ್ಬರೂ ಹೋದೆವು. ನಾನು ಜನರ ಹಿಂದೆ ನಿಂತೆ, ನನ್ನ ಹೆಂಡತಿ ಗೇಟು ದಾಟಿ ಒಳಗೆ ಬರಲಿಲ್ಲ.

ಅದಾಗಿ ವರ್ಷದ ಹತ್ತಿರ. ಹೋದ ಶುಕ್ರವಾರ ಭಾವನ ಫೋನ್ ಬಂತು. ಅಕ್ಕನ ಮಗಳು ಮೂರು ತಿಂಗಳ ಕೂಸಿನೊಂದಿಗೆ ಭಾನುವಾರ ಬರುತ್ತಿದ್ದಾಳೆ, ಅಮ್ಮನ ಗಾಡಿ ತನಗೆ ಬೇಕು, ಕೂಸನ್ನು ಅದರಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ. ಗಾಡಿ ಚೊಕ್ಕಟವಾಗಿದೆ ತಾನೇ ಎಂದು ಕೇಳಿದ್ದಕ್ಕೆ ಇವರು ಹೂಂ ಎಂದುಬಿಟ್ಟಿದ್ದಾರೆ. "ಚೊಕ್ಕಟ ಇಲ್ಲ. ನೀನು ಸ್ವಲ್ಪ ಬರ್ಬೇಕು" ಎಂದರು. ನಾನೇಕೆ ಬರಬೇಕು, ಊರಿಗೆಲ್ಲ ಡಾಕ್ಟರು ನೀವು ಎನ್ನಬೇಕೆಂದಿದ್ದೆ. ಕೂಸಿನ ಮಾತು ಬಂದದ್ದರಿಂದ ಹೋದೆ.

ಮಧ್ಯಾಹ್ನದ ಬಿಸಿಲಿಗೆ ಶೆಡ್ಡಿನ ತಗಡು ಚಟಚಟ ಎನ್ನುತ್ತಿತ್ತು. ಭಾವ ಇಳಿದುಹೋಗಿದ್ದರು, ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿತ್ತು. ಬೂದು ಬಣ್ಣದ ಗಾಡಿಯ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು. ಅವರು ಹಿಂದಿನ ಬಾಗಿಲು ತೆಗೆದರು.

"ಕೂತ್ಕೋ."

"ಎಲ್ಲಿ?"

"ಅವಳು ಕೂರ್ತಿದ್ದ ಕಡೆ."

ಕೂತೆ. ಅವರು ಆ ಕಡೆಯಿಂದ ಬಂದು ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡರು. ಕಿಟಕಿಗಳೆಲ್ಲ ಮೇಲಿದ್ದವು. ಗಿರಾಕಿಗಳ ಗಾಡಿಯಲ್ಲಿ ಕೂರುವಂತೆಯೇ ಹತ್ತು ನಿಮಿಷ ಕೂತೆವು. ಸೀಟಿನ ಸಂದಿಗೆ ಬೆರಳು ಹೋದಾಗ ರಸ್ಕಿನ ಪುಡಿ ತಾಗಿತು. ನನಗೆ ಅಳು ಬಂತು, ಕೆಮ್ಮಿದಂತೆ ಮಾಡಿ ನುಂಗಿಕೊಂಡೆ.

"ಏನು ವಾಸನೆ ಬರ್ತಿದೆ?" ಎಂದು ಕೇಳಿದರು.

"ಇಲಿದು."

"ಹಳೇದೋ ಹೊಸದೋ?"

"ನನಗೇನ್ ಗೊತ್ತು ಭಾವ, ನಾನು ದರ್ಜಿ."

"ಹಳೇದು. ಅವಳು ಹೋದ್ಮೇಲೆ ಪುಡಿ ಬೀಳೋದು ನಿಂತ್ಹೋಯ್ತು. ಇಲೀನೂ ಹೊರಟುಹೋಯ್ತು. ಗೂಡು ಮಾತ್ರ ಇದೆ."

ಮುಂದಿನ ಸೀಟಿನೆದುರು ಕಾಗದಪತ್ರ ಇಡುವ ಡಬ್ಬಿಯನ್ನು ಅವರು ಆಗಲೇ ಬಿಚ್ಚಿಟ್ಟಿದ್ದರು. ಅದರ ಹಿಂದೆ ಗಾಳಿ ಸೋಸುವ ಫಿಲ್ಟರು, ಅದರಾಚೆ ಫ್ಯಾನು. ಏಸಿ ಹಾಕಿದರೆ ಗಾಳಿಯೆಲ್ಲ ಗೂಡಿನ ಮೇಲಿಂದಲೇ ಹಾಯ್ದು ಕೂಸಿನ ಮೂಗಿಗೆ ಹೋಗುತ್ತದೆ ಎಂದರು. ನೀವೇ ತೆಗೆಯಿರಿ, ನಿಮ್ಮ ಕೆಲಸ ತಾನೇ ಎಂದೆ.

"ಮೂರು ಸಲ ಕೈ ಹಾಕಿದೆ. ಆಗ್ಲಿಲ್ಲ."

ವಯಸ್ಸಾಯಿತು, ಕೈ ನಡುಗುತ್ತದೆ ಎಂದುಕೊಂಡೆ. ಅವರು ನನ್ನ ಮೂಗಿಗೆ ಮುಖಗವಸು ಕಟ್ಟಿ, ಕೈಗೆ ರಬ್ಬರ್ ಗ್ಲೌಸ್ ತೊಡಿಸಿದರು. ಧೂಳು ಏಳದಿರಲಿ ಎಂದು ಗೂಡಿನ ಮೇಲೆ ಔಷಧಿ ನೀರು ಸಿಂಪಡಿಸಿ ಐದು ನಿಮಿಷ ಕಾದರು. ಹಿಂದೆ ಸರಿದು ನಿಂತರು. ನಾನು ಮೊಣಕಾಲೂರಿ ಕೈ ತೂರಿಸಿದೆ.

ಮೊದಲು ಬಂದದ್ದು ಸೀಟಿನ ಸ್ಪಂಜು. ಆಮೇಲೆ ಆಸ್ಪತ್ರೆಯ ಚೀಟಿಗಳ ಚೂರು. ಆಮೇಲೆ ನೀಲಿ ಉಣ್ಣೆ, ಹಿಡಿ ಹಿಡಿಯಾಗಿ, ಹಿಂಜಿದ ಹತ್ತಿಯಂತೆ. ಕೊನೆಯಲ್ಲಿ, ಅಂಗೈಯಗಲದ ಒಂದು ಹಳದಿ ತುಂಡು. ಗಟ್ಟಿ ಬಟ್ಟೆ ಹಲ್ಲಿಗೆ ಸಿಕ್ಕಿರಲಿಲ್ಲ. ಬೆಳಕಿಗೆ ತಿರುಗಿಸಿ ನೋಡಿದೆ. ಮೂಲೆಯಲ್ಲಿ ಮೂರು ಅಡ್ಡ ಹೊಲಿಗೆ.

ನನ್ನ ಹೊಲಿಗೆ ನನಗೆ ಗೊತ್ತಾಗದೆ ಇರುತ್ತದೆಯೇ. ಅಂದರೆ ಅವತ್ತು ನಮ್ಮ ಮನೆಯಿಂದ ಅಕ್ಕ ಶಾಲು ಹೊದ್ದೇ ಹೊರಟಿದ್ದಳು. ಸುಸ್ತಿನಲ್ಲಿ ಕಾಲಡಿಗೆ ಜಾರಿ ಮುಂದಿನ ಸೀಟಿನ ಕೆಳಗೆ ಸೇರಿದ್ದು ಅವಳಿಗೂ ತಿಳಿದಿಲ್ಲ, ಗಂಜಿ ಕಾಯಿಸಲು ಓಡಿದವರಿಗೂ ತಿಳಿದಿಲ್ಲ.

"ಭಾವ, ಇದು..."

"ಹೂಂ."

ಅವರಿಗೆ ಆಶ್ಚರ್ಯವಾಗಲಿಲ್ಲ ಎಂಬುದು ಆಗ ಹೊಳೆಯಿತು. "ನಿಮಗೆ ಯಾವಾಗ ಗೊತ್ತಾಯ್ತು?"

ಅವರು ಬಾಟಲಿಗಳ ಕಡೆ ನೋಡುತ್ತಿದ್ದರು. "ಅವಳು ಇದ್ದಾಗ್ಲೇ. ಗಾಳಿ ಸರಿಯಾಗಿ ಬರ್ತಿಲ್ಲ ಅಂದ್ಲು. ಬಿಚ್ಚಿದೆ. ಫಿಲ್ಟರಿಗೆ ಒಂದು ನೀಲಿ ಎಳೆ ಸಿಕ್ಕಿಕೊಂಡಿತ್ತು. ಹಂಗೇ ಮುಚ್ಚಿಟ್ಟೆ."

ನಾನು ಬಾಯಿಗೆ ಬಂದಂತೆ ಬೈದೆ. ಇಲ್ಲಿ ಬರೆಯುವಂಥ ಮಾತುಗಳಲ್ಲ ಅವು. ನನ್ನ ಹೆಂಡತಿ ಕಳ್ಳಿಯಾದಳು, ನಾನು ಅಕ್ಕನ ಮುಖ ನೋಡದಂತಾದೆ, ನೀವು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು ಎಂದೆ. ಇಲಿ ಡಾಕ್ಟರ ಗಾಡಿಯಲ್ಲೇ ಇಲಿ ಎಂದು ಊರು ನಗುತ್ತದೆ ಅಂತ ತಾನೇ ಎಂದೂ ಕೇಳಿದೆ.

"ಮೊದಲು ಅದೇ" ಎಂದರು. "ನಾಚಿಕೆ ಆಯ್ತು. ಬರೀ ನಾಚಿಕೆ ಆಗಿದ್ರೆ ವಾರದೊಳಗೆ ಹೇಳ್ತಿದ್ದೆ. ಅಷ್ಟ್ರಲ್ಲಿ ಅವಳ ಸಿಟ್ಟು ಇಳಿದಿತ್ತು. ಮಲ್ಕೊಂಡಲ್ಲೇ ಹೇಳೋಳು, ಅಮ್ಮನ ಶಾಲು ಎಲ್ಲೂ ಹೋಗಿಲ್ಲ, ತಮ್ಮನ ಮನೇಲಿ ಬೆಚ್ಚಗಿದೆ, ಅವನ ಹೆಂಡ್ತಿನೇ ಹೊದ್ಕೊಳ್ಳಲಿ ಬಿಡಿ ಅಂತ. ದಿನಾ ಹೇಳೋಳು. ಅಂಥವಳ ಮುಂದೆ ಈ ಚಿಂದಿ ಹೇಗೆ ಹಿಡೀಲಿ?"

ನಾನು ಮುಖಗವಸು ಕಳಚಿದೆ. "ಸಿಟ್ಟು ಇಳಿದಿದ್ರೆ ನನಗೆ ಒಂದು ಫೋನ್ ಮಾಡ್ಬಹುದಿತ್ತಲ್ಲ."

ಭಾವ ನನ್ನ ಮುಖ ನೋಡಲಿಲ್ಲ. "ಮಾಡು ಅಂದೆ. ಶಾಲು ಸಿಕ್ಕಿದ ದಿನ ಮಾಡು ಅಂದಿದಾನೆ, ಇನ್ನೂ ಸಿಕ್ಕಿಲ್ವಲ್ಲ, ಏನಂತ ಮಾಡ್ಲಿ ಅಂದ್ಲು."

ಆಮೇಲೆ ನಾನು ಬೈಯಲಿಲ್ಲ. ಇಬ್ಬರೂ ಸೇರಿ ಸಂಜೆವರೆಗೆ ಗಾಡಿ ತೊಳೆದೆವು. ಭಾವ ಹೊಸ ಫಿಲ್ಟರು ಕೂರಿಸಿ, ಗಾಳಿ ಬರುವ ಕಿಂಡಿಗೆ ಸ್ಟೀಲಿನ ಜಾಲರಿ ಬಿಗಿದರು. ಸೀಟಿನ ಸಂದಿಯ ಪುಡಿಯನ್ನು ಯಂತ್ರದಿಂದ ಎಳೆಯುವಾಗ ಅವರು ಒಂದು ಸಲ ನಿಲ್ಲಿಸಿ, ಮತ್ತೆ ಶುರು ಮಾಡಿದರು. ಹಲಗೆಯ ಮೇಲೆ ಒಂದು ಖಾಲಿ ಬಾಟಲಿ ತೊಳೆದು ಒಣಗಿಸಿಟ್ಟಿದ್ದರು. ನೀಲಿ ಉಣ್ಣೆಯೆಲ್ಲ ಅದಕ್ಕೆ ಹೋಯಿತು. ಹಳದಿ ತುಂಡನ್ನು ನಾನು ಔಷಧಿ ನೀರಿನಲ್ಲಿ ತೊಳೆದು ಜೇಬಿಗೆ ಹಾಕಿಕೊಂಡೆ.

ಮನೆಗೆ ಬಂದಾಗ ಹೆಂಡತಿ ಕಿಟಕಿಯ ಬಳಿ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ತುಂಡನ್ನು ಅವಳೆದುರು ಇಟ್ಟೆ. ಗುರುತು ಹಿಡಿದಳು. ಎಲ್ಲಿ ಸಿಕ್ಕಿತು, ಯಾರು ಮುಚ್ಚಿಟ್ಟರು, ಯಾಕೆ ಮುಚ್ಚಿಟ್ಟರು ಎಂದೆಲ್ಲ ಹೇಳಿದೆ. ಅಕ್ಕ ಫೋನ್ ಯಾಕೆ ಮಾಡಲಿಲ್ಲ ಎಂಬುದೊಂದನ್ನು ಹೇಳಲಿಲ್ಲ. ಭಾವನನ್ನು ಅಷ್ಟು ಬೈದು ಬಂದವನಿಗೆ ಬಾಯಿ ಬರಲಿಲ್ಲ.

ಅವಳು ತುಂಡನ್ನು ಬೆರಳಲ್ಲಿ ತಿರುವುತ್ತ ಒಂದೇ ಮಾತು ಕೇಳಿದಳು. "ಅಕ್ಕಂಗೆ ಕೊನೆಗಾಲದಲ್ಲಾದ್ರೂ ಗೊತ್ತಾಯ್ತಾ?"

"ಇಲ್ಲ."

"ಹಾಗಾದ್ರೆ ನಾನು ಕಳ್ಳಿನೇ" ಎಂದು ಅದನ್ನು ನನ್ನ ಕೈಗೆ ಕೊಟ್ಟು, ಬೆಳಕು ಹೋಗುವ ಮುಂಚೆ ಮುಗಿಸಬೇಕೆಂದು ಮತ್ತೆ ಸೂಜಿ ಹಿಡಿದಳು.