ಒಂದೇ ಪರದೆಯ ಮೇಲೆ ಎರಡು ಬಾಣ

ನಮ್ಮ ಕಡೆ ಸೊಸೆ ಮಾವನ ಸರಿಸಮ ಕೂರುವುದಿಲ್ಲ. ಇದು ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಮಾವ ಕಟ್ಟೆಯ ಮೇಲಿದ್ದರೆ ಸೊಸೆ ಬಾಗಿಲ ಹತ್ತಿರ ನಿಲ್ಲುತ್ತಾಳೆ, ಮಾವನ ಕೈಯಲ್ಲಿರುವುದನ್ನು ಕಸಿದುಕೊಂಡ ಹಾಗೆ ತೆಗೆದುಕೊಳ್ಳುವುದಿಲ್ಲ, ಅಷ್ಟೇ. ಮನೆಯೊಳಗೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಹಗರಿಬೊಮ್ಮನಹಳ್ಳಿಯ ನಮ್ಮ ಫ್ಲೆಕ್ಸ್ ಅಂಗಡಿಯಲ್ಲಿ ಮಾತ್ರ ದಿನಕ್ಕೆ ಇಪ್ಪತ್ತು ಸಲ ತೊಂದರೆಯಾಗುತ್ತಿತ್ತು.

ಯಾಕೆಂದರೆ ಅಲ್ಲಿದ್ದದ್ದು ಒಂದು ಲ್ಯಾಪ್‌ಟಾಪ್, ಒಂದು ಮೌಸ್. ಕೂತು ಕೆಲಸ ಮಾಡುವವರು ಇಬ್ಬರು, ನಾನು ಮತ್ತು ನನ್ನ ಸೊಸೆ. ಮಗ ತಯಾರಾದ ಫ್ಲೆಕ್ಸುಗಳನ್ನು ಸುತ್ತಿಕೊಂಡು ಊರೂರಿಗೆ ಹೋಗಿ ಕಂಬಕ್ಕೆ ಕಟ್ಟಿ ಬರುತ್ತಿದ್ದ. ನಾನು ಮೊದಲು ಬೋರ್ಡ್ ಬರೆಯುವ ಪೇಂಟರ್. ಕೂಡ್ಲಿಗಿಯಿಂದ ಹಡಗಲಿಯವರೆಗೆ ಕಿರಾಣಿ ಅಂಗಡಿ, ಶಾಲೆ ಗೋಡೆ, ಟ್ರಾಕ್ಟರಿನ ಹಿಂಭಾಗ, ನನ್ನ ಬ್ರಷ್ ಮುಟ್ಟದ ಜಾಗ ಕಡಿಮೆ. ಸ್ಕೇಲ್ ಇಡದೆ ಗೆರೆ ಎಳೆಯುತ್ತೇನೆ ಎಂಬ ಸೊಕ್ಕು ನನಗಿತ್ತು, ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ತೊಳೆದಿಟ್ಟು ಮೌಸ್ ಹಿಡಿದೆ. ನನ್ನ ಪಾಲಿನ ಕೆಲಸ ಕಟಿಂಗ್. ಫೋಟೋದಲ್ಲಿರುವ ಮನುಷ್ಯನನ್ನು ಅವನ ಹಿಂದಿನ ಗೋಡೆ, ಗಿಡ, ಬೈಕುಗಳಿಂದ ಬಿಡಿಸಿ ತೆಗೆಯುವುದು. ರುಮಾಲಿನ ಮಡಿಕೆ, ಕಿವಿಯ ತಿರುವು, ಮೀಸೆಯ ತುದಿ, ಎಲ್ಲದರ ಅಂಚಿನ ಮೇಲೂ ಮೌಸಿನ ಬಾಣ ಸಾಗಿಸಿ ಚುಕ್ಕಿ ಚುಕ್ಕಿ ಇಡುತ್ತಾ ಸುತ್ತಿ ಬರಬೇಕು.

ಸೊಸೆ ಮನೆಗೆ ಬಂದು ಎರಡು ವರ್ಷ. ಹರಪನಹಳ್ಳಿ ಕಡೆಯವಳು, ಡಿಗ್ರಿ ಮುಗಿಸಿದವಳು, ಕಂಪ್ಯೂಟರ್ ಬಲ್ಲವಳು. ಅಕ್ಷರ, ಬಣ್ಣ, ಜೋಡಣೆ ಅವಳದು. ಅವಳು ಏನಾದರೂ ತಿದ್ದಬೇಕೆಂದರೆ ನಾನು ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಾ ನಿಲ್ಲುತ್ತಿದ್ದೆ. ಅವಳು ಬಂದು ಕೂತು, ತಿದ್ದಿ, ಎದ್ದು ಗೋಡೆಗೆ ಸರಿಯುತ್ತಿದ್ದಳು. ಆಮೇಲೆ ನಾನು ಬರುವುದು. ಒಂದು ಹುಟ್ಟುಹಬ್ಬದ ಫ್ಲೆಕ್ಸ್ ಮುಗಿಯುವಷ್ಟರಲ್ಲಿ ನನ್ನ ಮೊಣಕಾಲು ಕೂಗುತ್ತಿದ್ದವು.

ಲ್ಯಾಪ್‌ಟಾಪಿನ ಹಳೆಯ ತಂತ್ರಾಂಶವನ್ನು ಕಿತ್ತು ಹೊಸದನ್ನು ಹಾಕಿದವಳೂ ಅವಳೇ. ಅದು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶವಂತೆ.

"ಇದಕ್ಕೆ ಯಾರೂ ಮಾಲೀಕರಿಲ್ಲ ಮಾವಾರೆ. ಜಗತ್ತಿನ ಮಂದಿ ಎಲ್ಲಾ ಕೂಡಿ ಬರ್ದಿರೋದು. ಪುಕ್ಕಟೆ ಐತೆ," ಎಂದಳು.

"ಮಾಲೀಕ ಇಲ್ಲ ಅಂದ್ರ ಕೆಟ್ಟಾಗ ಯಾರನ್ನ ಬಯ್ಯಾದವ್ವಾ?" ಎಂದು ಕೇಳಿದೆ. ಬಯ್ಯಲು ಒಬ್ಬರು ಇರಲೇಬೇಕು ನನಗೆ. ಇದು ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು.

ಒಂದು ಬೆಳಿಗ್ಗೆ ಸೊಸೆ ಇನ್ನೊಂದು ಮೌಸ್ ತಂದಳು. ಉದ್ದ ವೈರಿನದು. "ಎರಡು ಹಚ್ಚಿದ್ರೆ ನೀವು ಏಳೋದು ತಪ್ಪತೈತೆ. ನಾನು ಈ ಸ್ಟೂಲಿನ ಮೇಲೆ ಹಿಂದಕ್ಕೆ ಕೂತ್ಕಂಡು ಮಾಡ್ತೀನಿ," ಎಂದಳು. ನನಗೆ ಸಂತೋಷವಾಯಿತು. ಆದರೆ ಹಚ್ಚಿದ ಕೂಡಲೇ ಜಗಳ. ಎರಡು ಮೌಸಿಗೂ ಪರದೆಯ ಮೇಲೆ ಇದ್ದದ್ದು ಒಂದೇ ಬಾಣ. ನಾನು ಎಡಕ್ಕೆ ಎಳೆದರೆ ಅವಳು ಬಲಕ್ಕೆ, ಬಾಣ ನಡುವೆ ಒದ್ದಾಡುತ್ತಿತ್ತು.

"ತಡೀರಿ," ಎಂದು ಅವಳು ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದು ಏನೋ ಟೈಪ್ ಮಾಡಿದಳು. ಲ್ಯಾಪ್‌ಟಾಪಿಗೆ ಹಚ್ಚಿದ್ದೆಲ್ಲ ಪಟ್ಟಿಯಾಗಿ ಬಂತು, ಒಂದೊಂದಕ್ಕೂ ಒಂದು ಸಂಖ್ಯೆ. ಅವಳು ಸಮಾಧಾನದಿಂದ ಬಿಡಿಸಿ ಹೇಳಿದಳು. ಪರದೆಯ ಮೇಲಿನ ಬಾಣಕ್ಕೆ ಒಬ್ಬ ಯಜಮಾನ ಇರುತ್ತಾನೆ. ಮೌಸುಗಳು ಅವನ ಕೈಕೆಳಗೆ ದುಡಿಯುತ್ತವೆ. ಈಗ ಇರುವವನು ಒಬ್ಬ ಯಜಮಾನ, ಅದಕ್ಕೇ ಒಂದು ಬಾಣ. ಇನ್ನೊಬ್ಬನನ್ನು ಹುಟ್ಟಿಸಿ ಒಂದು ಮೌಸನ್ನು ಅವನಿಗೆ ಒಪ್ಪಿಸಿದರೆ ಬಾಣ ಎರಡಾಗುತ್ತವೆ. ಹೊಸ ಯಜಮಾನನಿಗೆ ಹೆಸರು ಕೊಡಬೇಕಿತ್ತು. ಅವಳು ಸ್ವಲ್ಪ ತಡೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಮಾವ' ಎಂದು ಬರೆದಳು. ನನಗೆ ನಗು ತಡೆಯಲಾಗಲಿಲ್ಲ.

ಇನ್ನೊಂದು ಸಾಲು ಟೈಪ್ ಮಾಡಿದಳು. ಪರದೆಯ ಮೇಲೆ ಎರಡನೆಯ ಬಾಣ ಬಂತು. ಎರಡೂ ಒಂದೇ ಅಳತೆ, ಒಂದೇ ಬಣ್ಣ, ಅವಳಿ ಮಕ್ಕಳ ಹಾಗೆ.

"ನಿಮ್ದು ಯಾವುದು ಅಂತ ಗೊತ್ತಾಗಬೇಕಲ್ಲ, ಒಂಚೂರು ಅಲುಗಾಡಿಸ್ರಿ ಮಾವಾರೆ," ಎಂದಳು.

ನಾನು ಅಲುಗಾಡಿಸಲಿಲ್ಲ. ಕೈಯನ್ನು ಮೌಸಿನ ಮೇಲೆ ಸುಮ್ಮನೆ ಇಟ್ಟಿದ್ದೆ. ಆದರೆ ಎರಡರಲ್ಲಿ ಒಂದು ಬಾಣ ನಿಂತಲ್ಲೇ ಸಣ್ಣಗೆ ಅದುರುತ್ತಿತ್ತು. ಇನ್ನೊಂದು ಗೋಡೆಗೆ ಹೊಡೆದ ಮೊಳೆಯಂತೆ ಅಲುಗದೆ ನಿಂತಿತ್ತು.

"ಹಾಂ, ಗೊತ್ತಾತು ಬಿಡ್ರಿ," ಎಂದು ಅವಳು ತಕ್ಷಣ ಬೇರೆ ಫೈಲ್ ತೆರೆದಳು.

ಒಂದೇ ಬಾಣವಿದ್ದಾಗ ಅದು ಹೇಗೂ ಓಡಾಡುತ್ತಲೇ ಇರುತ್ತದೆ, ಯಾರು ಗಮನಿಸುತ್ತಾರೆ? ಪಕ್ಕದಲ್ಲಿ ಸುಮ್ಮನೆ ನಿಂತ ಇನ್ನೊಂದು ಬಾಣ ಬಂದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಮೌಸೇ ಕೆಟ್ಟಿರಬೇಕು ಎಂದು ಆ ಕ್ಷಣದಲ್ಲೇ ತೀರ್ಮಾನ ಮಾಡಿಬಿಟ್ಟೆ.

ಹಾಗೆ ತೀರ್ಮಾನ ಮಾಡಿದ್ದರ ಹಿಂದೆ ಒಂದು ಹಳೆಯ ಹೆದರಿಕೆ ಇತ್ತು. ನನಗೆ ಅಕ್ಷರ ಕಲಿಸಿದ ಗುರು ಕೊಟ್ಟೂರಿನ ಪೇಂಟರ್. ಅವರು ಬರೆದ ದುಂಡಕ್ಷರ ನೋಡಲು ಜನ ಸೈಕಲ್ ನಿಲ್ಲಿಸುತ್ತಿದ್ದರು. ಒಂದು ವರ್ಷ ಅವರು ಬ್ರಷ್ ಸರಿಯಿಲ್ಲ ಎನ್ನತೊಡಗಿದರು. ಹೊಸ ಬ್ರಷ್ ತಂದರೆ ಬಣ್ಣ ನೀರಾಗಿದೆ ಎಂದರು. ಬಣ್ಣ ಬದಲಿಸಿದರೆ ಏಣಿ ಅಲುಗುತ್ತದೆ ಎಂದರು. ನಾನು ಆ ಏಣಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿರುತ್ತಿದ್ದೆ. ಅದು ಅಲುಗುತ್ತಿರಲಿಲ್ಲ. ಕೊನೆಗೆ ಹೆಂಡತಿ ಅವರಿಗೆ ಮಜ್ಜಿಗೆಯನ್ನು ಚಮಚದಲ್ಲಿ ಕುಡಿಸುವುದನ್ನು ನೋಡಿ ಬಂದವನು ಮತ್ತೆ ಆ ಮನೆಗೆ ಹೋಗಲಿಲ್ಲ. ಪ್ರೀತಿ ಇರಲಿಲ್ಲವೆಂದಲ್ಲ. ಹೆದರಿ ಹೋಗಲಿಲ್ಲ. ಅವರು ತೀರಿಕೊಂಡಾಗಲೂ ದೂರದಲ್ಲಿ ನಿಂತು ಕೈ ಮುಗಿದು ಬಂದೆ.

ಎರಡನೆಯ ಬಾಣ ಬಂದ ದಿನದಿಂದ ನನ್ನ ದಿನಗಳು ಕಳ್ಳನ ದಿನಗಳಾದವು. ಸೊಸೆ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು, ಕಪ್ಪು ಕಿಟಕಿಯಲ್ಲಿ ಆ ಎರಡು ಸಾಲನ್ನು ಟೈಪ್ ಮಾಡುವಳು. ಯಂತ್ರ ಒಮ್ಮೆ ಆರಿಸಿದರೆ ಹೊಸ ಯಜಮಾನ ಅಳಿಸಿಹೋಗುತ್ತಿದ್ದ, ದಿನವೂ ಮತ್ತೆ ಹುಟ್ಟಿಸಬೇಕು. ಇವತ್ತು ಮರೆಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವಳು ಮರೆಯುತ್ತಿರಲಿಲ್ಲ. ಮೌಸಿನ ಕೆಳಗೆ ರಟ್ಟು ಇಟ್ಟು ನೋಡಿದೆ, ಹಳೆಯ ಕ್ಯಾಲೆಂಡರ್ ಇಟ್ಟು ನೋಡಿದೆ, ಅದರ ಹೊಟ್ಟೆಯ ಕೆಂಪು ಬೆಳಕನ್ನು ಪಂಚೆಯಿಂದ ಒರೆಸಿದೆ. ಅವಳು ಅತ್ತ ತಿರುಗಿದಾಗ ಎಡಗೈಯಿಂದ ಬಲ ಮಣಿಕಟ್ಟನ್ನು ಅದುಮಿ ಹಿಡಿಯುತ್ತಿದ್ದೆ. ಯಾರಾದರೂ ಚಹಾ ತಂದರೆ "ಅಲ್ಲಿಡು, ಆರಲಿ" ಎಂದು ಹೇಳಿ ಎಲ್ಲರೂ ಹೋದ ಮೇಲೆ ತಣ್ಣಗಿನದನ್ನು ಕುಡಿಯುತ್ತಿದ್ದೆ.

ಎರಡು ಬಾಣಗಳಿಗೆ ಒಂದು ನಿಯಮವಿತ್ತು. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಬಾರದು, ಒತ್ತಿದರೆ ತಂತ್ರಾಂಶ ಗಲಿಬಿಲಿಯಾಗುತ್ತದೆ. ಹಾಗಾಗಿ ನನ್ನ ಬಾಣ ಕೆಲಸಕ್ಕಿಳಿದರೆ ಅವಳದು ಮೂಲೆಗೆ ಸರಿದು ಕಾಯುತ್ತಿತ್ತು. ಮೊದಲು ಸೊಸೆಯ ಮರ್ಯಾದೆ ಎಂದುಕೊಂಡೆ. ಆಮೇಲೆ ಅನುಮಾನ ಬಂತು. ಅಲ್ಲಿ ನಿಂತು ನನ್ನ ಬಾಣವನ್ನೇ ನೋಡುತ್ತಿದ್ದಾಳೆ ಅನ್ನಿಸಿತು. ಬೆನ್ನ ಹಿಂದೆ ಕೂತವಳ ಮುಖ ನನಗೆ ಕಾಣುತ್ತಿರಲಿಲ್ಲ. ಕಣ್ಣ ಮುಂದೆ ಇದ್ದದ್ದು ಅವಳ ಬಾಣ ಒಂದೇ.

ಹಿರೇಹಡಗಲಿಯಿಂದ ಕುರಿ ಸಾಕುವ ಮನೆತನದವನೊಬ್ಬ ತನ್ನ ದೊಡ್ಡಪ್ಪನ ವರ್ಷದ ಪುಣ್ಯತಿಥಿಗೆ ಫ್ಲೆಕ್ಸ್ ಮಾಡಿಸಲು ಬಂದಿದ್ದ. ಫೋಟೋ ಒಂದೇ ಇತ್ತು, ಅದೂ ಮಸುಕು. ದೊಡ್ಡ ರುಮಾಲಿನ ಹಿರಿಯ. ನಾನು ಬೆಳಗಿನಿಂದ ಕೂತು ಕಟಿಂಗ್ ಮುಗಿಸಿ, ಮಧ್ಯಾಹ್ನ ಅವನು ಬಂದಾಗ ಪರದೆಯನ್ನು ಅವನ ಕಡೆ ತಿರುಗಿಸಿದೆ.

ಅವನು ಬಗ್ಗಿ ನೋಡಿದ. "ಎಲ್ಲಾ ಛಲೋ ಐತ್ರಿ. ನಮ್ಮ ದೊಡ್ಡಪ್ಪನ ಕಿವಿ ಎಲ್ಲಿ ಹೋತ್ರಿ?"

ನೋಡಿದೆ. ಎಡಗಿವಿಯ ಅರ್ಧ ಇರಲಿಲ್ಲ. ಕೆನ್ನೆಯ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಬೆರಳು ತೋರಿಸಿರಲಿಲ್ಲ.

"ಈ ಹಾಳಾದ ಮೌಸ್ ನೋಡಪಾ! ಪುಕ್ಕಟೆ ಸಾಮಾನು, ಪುಕ್ಕಟೆ ಬುದ್ಧಿ! ನಾ ಒಂದ್ಕಡಿ ಇಟ್ರ ಅದು ಒಂದ್ಕಡಿ ಹೊಕ್ಕೈತಿ!" ಎಂದು ಕೂಗಾಡಿದೆ.

"ಹೌದಣ್ಣಾರೆ, ಮೌಸ್ ಕೆಟ್ಟೈತೆ," ಎಂದಳು ಸೊಸೆ ಹಿಂದಿನಿಂದ, ಮೆಲ್ಲಗೆ. "ಸಂಜಿ ಒಳಗೆ ಸರಿ ಮಾಡಿ ಕೊಡ್ತೀವಿ. ನೀವು ಸಂತಿ ಮುಗಿಸ್ಕಂಡು ಬರ್ರಿ."

ಅವನು ಹೋದ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಅವಳು ನನ್ನ ಮಾನ ಉಳಿಸಿದ್ದಳು. ಆದರೆ ನನ್ನ ಸ್ವಭಾವ ಹಾಗಲ್ಲ. ಒಬ್ಬರು ನನ್ನ ಸುಳ್ಳನ್ನು ಒಪ್ಪಿದರೆ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳುವ ತನಕ ನಾನು ಬಿಡುವವನಲ್ಲ.

"ನೋಡಿದ್ಯಾ, ನೀನೂ ಒಪ್ಪಿದಿ. ಇದನ್ನ ಕೂಡ್ಲಿಗಿಗೆ ಒಯ್ದು ಮೌಸ್ ಕೊಟ್ಟ ಅಂಗಡಿಯವನ ಮುಂದ ಒಗೀತೀನಿ. ಕೆಟ್ಟೈತಿ ಅಂತ ನಿನ್ನ ಕರೇ ಕಿಟಕ್ಯಾಗ ತೋರ್ಸವ್ವಾ. ಫೋನಿನ್ಯಾಗ ಫೋಟೋ ಹೊಡ್ಕೊಂಡು ಹೊಕ್ಕೀನಿ."

"ಬಿಡ್ರಿ ಮಾವಾರೆ. ಹೊಸದು ತರಾಣ."

"ಯಾಕ ಬಿಡಬೇಕು? ತೋರ್ಸು ಅಂದೆ."

"ಬ್ಯಾಡ್ರಿ. ಸಣ್ಣ ವಿಷಯ."

"ನೀ ತೋರ್ಸಲಿಲ್ಲ ಅಂದ್ರ ನಾ ಇವತ್ತು ಊಟ ಮಾಡಂಗಿಲ್ಲ ನೋಡು!"

ಅವಳು ಸ್ಟೂಲ್ ಎಳೆದುಕೊಂಡು ಮುಂದೆ ಬಂದು, ಕಪ್ಪು ಕಿಟಕಿ ತೆರೆದು, ನನ್ನ ಮೌಸಿನ ಸಂಖ್ಯೆ ಹಾಕಿ ಒಂದು ಸಾಲು ಟೈಪ್ ಮಾಡಿದಳು.

"ಮೌಸ್ ಎಳ್ಳಷ್ಟು ಸರಿದ್ರೂ ಇಲ್ಲಿ ಒಂದು ಸಾಲು ಬರ್ತೈತೆ. ಕೈ ತೆಗೀರಿ," ಎಂದಳು.

ತೆಗೆದೆ. ಕಿಟಕಿ ಖಾಲಿ. ಒಂದು ಸಾಲೂ ಬರಲಿಲ್ಲ. ಕೆಟ್ಟ ಮೌಸ್ ತಾನಾಗಿಯೇ ಓಡಬೇಕಿತ್ತಲ್ಲ ಎಂದು ನನ್ನ ಮನಸ್ಸು ಹೇಳಿತು, ನಾನು ಕೇಳಿಸಿಕೊಳ್ಳಲಿಲ್ಲ. ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು. ಇಡುವಾಗ ಎರಡು ಸಾಲು ಬಂದವು, ಆಮೇಲೆ ಕಿಟಕಿ ಸುಮ್ಮನಾಯಿತು. ಅವಳು ಕೈ ತೆಗೆದಳು, ಆದರೆ ನನಗೆ ಇಡಿ ಎಂದು ಹೇಳಲಿಲ್ಲ. ನಾನೇ ಇಟ್ಟೆ.

ಸಾಲುಗಳು ಸುರಿಯತೊಡಗಿದವು. ಒಂದರ ಕೆಳಗೊಂದು, ಓದಲು ಸಿಗದಷ್ಟು ಬೇಗ. ನಾನು ಉಸಿರು ಬಿಗಿಹಿಡಿದೆ. ನಿಲ್ಲಲಿಲ್ಲ. ಮೊಣಕೈಯನ್ನು ಟೇಬಲಿಗೆ ಒತ್ತಿದೆ. ನಿಲ್ಲಲಿಲ್ಲ. ಕೈ ಎತ್ತಿದೆ, ನಿಂತವು. ಮತ್ತೆ ಇಟ್ಟೆ, ಮತ್ತೆ ಸುರಿದವು. ಅವಳ ಮೌಸನ್ನು ಎಳೆದುಕೊಂಡು, "ಇದರ ನಂಬರ್ ಹಾಕು" ಎಂದೆ. ಹಾಕಿದಳು. ಅಲ್ಲೂ ಅದೇ.

ಹೊರಗೆ ಬಸ್ಸಿನವನು ಕೊಟ್ಟೂರು, ಕೊಟ್ಟೂರು ಎಂದು ಕೂಗುತ್ತಿದ್ದ. ನನ್ನ ಬಲಗೈ ನನ್ನದಲ್ಲ ಅನ್ನಿಸಿತು. ಅನ್ನ ಕೊಟ್ಟ ಕೈ ಅದು, ನನಗೆ ಬೇರೆ ಏನೂ ಬರುವುದಿಲ್ಲ. ನಾಳೆ ಮಜ್ಜಿಗೆ ಯಾರು ಕುಡಿಸುತ್ತಾರೆ, ನನ್ನನ್ನು ನೋಡಿ ಯಾರು ಹೆದರಿ ಮನೆಗೆ ಬರುವುದು ಬಿಡುತ್ತಾರೆ, ಎಲ್ಲ ಒಟ್ಟಿಗೆ ತಲೆಗೆ ನುಗ್ಗಿತು.

"ನನಗ ಅಂಜಿಕಿ ಆಗಾಕತ್ತೈತಿ ಯವ್ವಾ," ಎಂದೆ. ಈ ಮಾತನ್ನು ಹೆಂಡತಿಗೂ ಯಾವತ್ತೂ ಹೇಳಿದವನಲ್ಲ.

"ನನಗೂ ಆಗ್ತೈತೆ ಮಾವಾರೆ," ಎಂದಳು. "ನಾಳೆ ಬಳ್ಳಾರಿಗೆ ಹೋಗಾಣ." ಆಮೇಲೆ ತನ್ನ ಮೌಸ್ ತೆಗೆದುಕೊಂಡು ದೊಡ್ಡಪ್ಪನ ಕಿವಿಯನ್ನು ಮತ್ತೆ ಬಿಡಿಸಲು ಕೂತಳು. ನಾನು ನೋಡುತ್ತಾ ಕೂತೆ. ಚೆನ್ನಾಗಿಯೇ ಬಿಡಿಸಿದಳು.

ಮಗನಿಗೆ ಮರುದಿನ ಹಡಗಲಿಯಲ್ಲಿ ಫ್ಲೆಕ್ಸ್ ಕಟ್ಟುವುದಿತ್ತು, ಹಾಗಾಗಿ ಅವಳೇ ಜೊತೆಗೆ ಬಂದಳು. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ದಾರಿಯುದ್ದಕ್ಕೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ನರಗಳ ವೈದ್ಯರು ಚಿಕ್ಕ ವಯಸ್ಸಿನವರು. ನಡೆಸಿ ನೋಡಿದರು, ಬೆರಳು ಮುಚ್ಚಿ ಬಿಡಿಸಲು ಹೇಳಿದರು. ಆಮೇಲೆ ಬಿಳಿ ಹಾಳೆ, ಪೆನ್ನು ಕೊಟ್ಟು, "ನಡುವಿನಿಂದ ಶುರು ಮಾಡಿ ಚಕ್ಲಿ ಥರ ಒಂದು ಸುರುಳಿ ಬರೀರಿ" ಎಂದರು. ಎಡಗೈಯಲ್ಲಿ ಬರೆಯಲಾ ಎಂದು ಕೇಳಿದೆ. ದಿನಾ ಯಾವುದರಲ್ಲಿ ಬರೀತೀರೋ ಅದರಲ್ಲಿ ಎಂದರು. ಇಪ್ಪತ್ತಡಿ ಗೋಡೆಯ ಮುಂದೆ ಹೆದರದವನು ಆ ಸಣ್ಣ ಹಾಳೆಯ ಮುಂದೆ ಹೆದರಿದೆ. ಬರೆದೆ. ಸುತ್ತುಗಳು ಕಿರಿದಾಗಿ, ಅಂಕುಡೊಂಕಾಗಿ ಒಂದರ ಮೇಲೊಂದು ಬಿದ್ದವು.

ವೈದ್ಯರು ಹಾಳೆ ನೋಡಿ, "ಎಷ್ಟು ದಿನದಿಂದ ಹೀಗೆ?" ಎಂದರು.

"ಹದಿನೈದು ದಿನ ಆಗಿರಬಹುದ್ರಿ," ಎಂದೆ.

ಸೊಸೆ ಬಾಗಿಲ ಹತ್ತಿರ ನಿಂತಿದ್ದಳು. ಬೇರೆಯವರ ಮುಂದೆ ಅವಳು ಯಾವತ್ತೂ ನನ್ನ ಮಾತನ್ನು ಅಲ್ಲಗಳೆದವಳಲ್ಲ.

"ಇಲ್ಲ ಸಾರ್," ಎಂದಳು. "ಎರಡು ವರ್ಷ ಆತು. ಮದುವೆ ದಿನ ನಾನು ಕಾಲಿಗೆ ಬಿದ್ದಾಗ ನನ್ನ ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದ್ರು. ಅವಾಗ್ಲೇ ನಡುಗ್ತಿತ್ತು."

ವೈದ್ಯರು ಎರಡು ವರ್ಷ ಎಂದು ಬರೆದುಕೊಂಡರು. ನಾನು ತಿದ್ದಲಿಲ್ಲ.